ಹೊನ್ನೆ ಮರದ ಶನಿವಾರ

ನೋಟಿಸು ಬಂದದ್ದು ಚಿಕ್ಕಹನುಮಯ್ಯನಿಗೆ. ಅನ್ನ ಸೇರದೆ ಹೋದದ್ದು ನಾಗಲಿಂಗಾಚಾರಿಗೆ.

ಚಿಕ್ಕಹನುಮಯ್ಯ ಊರ ಪಕ್ಕದ ಬೆಟ್ಟದ ಕಾಡಿಗೆ ವಾಚರ್. ಹದಿನೆಂಟು ವರ್ಷದಿಂದ ದಿನಗೂಲಿ. ಈ ವರ್ಷ ಖಾಯಂ ಆಗುವವರ ಪಟ್ಟಿಯಲ್ಲಿ ಅಂತೂ ಅವನ ಹೆಸರು ಬಂದಿತ್ತು. ಅಷ್ಟರಲ್ಲಿ ಈ ನೋಟಿಸು: ಮಾರ್ಚ್ ತಿಂಗಳ ಎರಡನೆಯ ಶನಿವಾರ ಕಾವಲಿನಲ್ಲಿ ಆದ ಲೋಪದ ಬಗ್ಗೆ ಸೋಮವಾರ ವಿಚಾರಣೆ. ತಪ್ಪು ರುಜುವಾತಾದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಕೆಲಸವೂ ಹೋಗುತ್ತದೆ.

ಯಾವ ಲೋಪವೆಂದು ಅದರಲ್ಲಿ ಬರೆದಿರಲಿಲ್ಲ. ಆಚಾರಿಗೆ ಯಾರೂ ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ಆ ಶನಿವಾರ ಬೆಟ್ಟದ ಹೊನ್ನೆ ಮರ ಕೊಯ್ದವನು ಅವನೇ.

ಹಾಗೆ ನೋಡಿದರೆ ಆಚಾರಿ ಕಳ್ಳನಲ್ಲ. ಮಧುಗಿರಿ ಸುತ್ತಿನ ಇಪ್ಪತ್ತು ಊರುಗಳ ಬಾಗಿಲುಗಳು ಅವನ ಕೈಯಲ್ಲಿ ಆದಂಥವು. ನೆಟ್ಟ ಮರ ಕಡಿ, ತಾನಾಗಿ ಹುಟ್ಟಿದ್ದನ್ನು ಮುಟ್ಟಬೇಡ ಎಂದು ಅಪ್ಪ ಹೇಳಿಕೊಟ್ಟದ್ದನ್ನು ನಲವತ್ತು ವರ್ಷ ನಡೆಸಿಕೊಂಡು ಬಂದಿದ್ದ. ಹೊಲದ ಬೇವು, ತೋಟದ ಹಲಸು, ಬಿದ್ದ ಹಳೆಮನೆಯ ತೊಲೆ, ಇಷ್ಟರಲ್ಲೇ ಊರಿಗೆ ಮನೆಯೂ ಆಗುತ್ತದೆ, ಕಾಡೂ ಉಳಿಯುತ್ತದೆ ಎಂದು ಕಂಡಕಂಡವರಿಗೆಲ್ಲ ಬುದ್ಧಿ ಹೇಳುತ್ತಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಊರಿನ ತಿಮ್ಮರಾಯಪ್ಪ ತಾನು ಕಟ್ಟಿಸುತ್ತಿದ್ದ ಹೊಸ ಮನೆಗೆ ಹೊನ್ನೆಯ ತಲೆಬಾಗಿಲೇ ಆಗಬೇಕೆಂದು ಪಟ್ಟು ಹಿಡಿದ. "ನಿನ್ ಕೈಲಿ ಆಗ್ದಿದ್ರೆ ಬುಡು, ಶಿರಾದಿಂದ ಬ್ಯಾರೆಯವ್ರನ್ನ ಕರೆಸ್ತೀನಿ" ಎಂದ. ಆಚಾರಿಯ ಜಂಬಕ್ಕೆ ಆ ಮಾತು ನಾಟಿತು.

ಅಡ್ಡಿಯಿದ್ದದ್ದು ಚಿಕ್ಕಹನುಮಯ್ಯ ಒಬ್ಬನೇ. ಮನೆಗಳಿಗೆ ಆಯ ನೋಡುವ ಆಚಾರಿಗೆ ಪಂಚಾಂಗವೂ ಬರುತ್ತಿತ್ತು.

"ನಿಂಗೆ ಸಾಡೇಸಾತಿ ನಡೀತೈತೆ ಕಣಯ್ಯ. ಖಾಯಂ ಆಗ್ಬೇಕು ಅಂದ್ರೆ ಈ ಶನಿವಾರ ಪಾವಗಡಕ್ಕೋಗಿ ಶನಿದೇವ್ರಿಗೆ ಎಳ್ಳುದೀಪ ಹಚ್ಚಿ ಬಾ."

"ಬ್ಯಾಸಿಗೇಲಿ ನಮಗೆ ರಜ ಕೊಡಾಕಿಲ್ಲ ಆಚಾರ್ರೇ."

"ಯಾರಿಗೂ ಹೇಳ್ಬ್ಯಾಡ. ಒಂದಿನದಾಗೆ ಬೆಟ್ಟ ಎಲ್ಲಿಗೂ ಓಡೋಗಲ್ಲ."

ಅವನು ಬೆಳಗಿನ ಬಸ್ಸು ಹತ್ತಿದ. ಮಧ್ಯಾಹ್ನದೊಳಗೆ ಹೊನ್ನೆ ತಿಮ್ಮರಾಯಪ್ಪನ ಟ್ರ್ಯಾಕ್ಟರಿನಲ್ಲಿತ್ತು. ಹೊನ್ನೆಗೆ ಗರಗಸ ತಾಗಿದರೆ ನೆತ್ತರಿನಂಥ ಕೆಂಪು ರಸ ಒಸರುತ್ತದೆ. ಎಷ್ಟು ತೊಳೆದರೂ ಅದು ಉಗುರಿನ ಸಂದಿಯಿಂದ ಹೋಗಲಿಲ್ಲ. ಇಳಿಹೊತ್ತಿಗೆ ಬೆಟ್ಟಕ್ಕೆ ಬೆಂಕಿ ಬಿತ್ತು. ಬೇಸಿಗೆಯಲ್ಲಿ ಒಣಹುಲ್ಲು ಹತ್ತಿಕೊಳ್ಳುವುದು ಆ ಕಡೆ ಹೊಸದಲ್ಲ. ಕೊಯ್ದ ಬುಡವೂ ಕಪ್ಪಾಗಿ ಗುರುತು ಮುಚ್ಚಿಹೋಯಿತಲ್ಲ ಎಂದು ಆಚಾರಿ ಒಂದು ಗಳಿಗೆ ಸಮಾಧಾನಪಟ್ಟ. ಹಾಗೆ ಸಮಾಧಾನಪಟ್ಟದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ನೋಟಿಸಿನ ಸುದ್ದಿ ಕೇಳಿದ ಮೇಲೆ ತಡೆಯಲಾಗದೆ, ಭಾನುವಾರ ಚಿಕ್ಕಹನುಮಯ್ಯನ ಮನೆಗೆ ಹೋದ.

"ಅವತ್ತಿನ ವಿಷ್ಯ ಕಣಯ್ಯ..." ಎಂದು ಶುರುಮಾಡಿದ.

ಚಿಕ್ಕಹನುಮಯ್ಯ ಮುಗಿಸಲು ಬಿಡಲಿಲ್ಲ. "ಅವತ್ತು ಬೆಟ್ಟ ಬುಟ್ಟು ಕದಲಿಲ್ಲ ಅಂತ ಬರ್ಕೊಟ್ಟಿದೀನಿ. ನೀವು ಯಾರತ್ರಾನೂ ಬಾಯಿ ಬುಡ್ಬ್ಯಾಡಿ ಆಚಾರ್ರೇ. ನಿಮ್ ದಮ್ಮಯ್ಯ ಅಂತೀನಿ."

ಆಚಾರಿಯ ಕಣ್ಣು ತುಂಬಿತು. ತನ್ನನ್ನು ಉಳಿಸಲು ಈ ಬಡಪಾಯಿ ಸುಳ್ಳು ಬರೆದುಕೊಟ್ಟಿದ್ದಾನೆ. ಆ ಸುಳ್ಳೇ ಅವನ ಕೊರಳಿಗೆ ಉರುಳಾಗುತ್ತದೆಂದು ಪಾಪ, ಅವನಿಗೆ ಹೊಳೆದಿಲ್ಲ. ಕಾವಲಿನವನು ಇಲ್ಲದಾಗ ಮರ ಹೋದರೆ ನಾಲ್ಕು ಬೈಗುಳಕ್ಕೆ ಮುಗಿದೀತು. ಅಲ್ಲೇ ಇದ್ದೂ ಮರ ಹೋಯಿತೆಂದರೆ ಅವನೂ ಕಳ್ಳತನದಲ್ಲಿ ಪಾಲುಗಾರ ಎನ್ನುತ್ತಾರೆ. ಮೋಸ ಮಾಡಿ ಊರು ಬಿಡಿಸಿದವನು ತಾನು. ಅವನು ಊರಲ್ಲಿರಲಿಲ್ಲ ಎಂದು ಹೇಳಬೇಕಾದವನೂ ತಾನೇ. ಮನೆಗೆ ಬರುವಷ್ಟರಲ್ಲಿ ಆಚಾರಿ ನಿರ್ಧಾರ ಮಾಡಿಯಾಗಿತ್ತು.

ಸೋಮವಾರ ಕಚೇರಿಯ ಜಗುಲಿಯ ಬೆಂಚಿನಲ್ಲಿ ಚಿಕ್ಕಹನುಮಯ್ಯ ಒಗೆದ ಅಂಗಿ ತೊಟ್ಟು ಕೂತಿದ್ದ. ಆಚಾರಿಯನ್ನು ಕಂಡು ಎದ್ದು ನಿಂತ. ಬೇಡ ಬೇಡ ಎಂದು ತಲೆಯಾಡಿಸಿದ. ಇಷ್ಟು ಒಳ್ಳೆಯವನಿಗೆ ತಾನು ಎಂಥ ದ್ರೋಹ ಮಾಡಿದೆನಲ್ಲ ಎನಿಸಿ ಆಚಾರಿ ಅವನ ಮುಖ ನೋಡಲಾರದೆ ಒಳಗೆ ನಡೆದ.

ಅಧಿಕಾರಿ ರಾಧಾಮಣಿ ಕೂರಲು ಹೇಳಿದರೂ ಅವನು ಕೂರಲಿಲ್ಲ.

"ಹೊನ್ನೆ ಮರ ಕೊಯ್ದಿದ್ದು ನಾನು ಮೇಡಂ. ವಾಚರ್ಗೆ ಏನೂ ಗೊತ್ತಿಲ್ಲ. ಆವತ್ತು ಬೆಳಿಗ್ಗೆಯಿಂದ ಕತ್ತಲಾಗೋ ಗಂಟ ಅವನು ಬೆಟ್ಟದಾಗೇ ಇರ್ಲಿಲ್ಲ. ಪಾವಗಡಕ್ಕೆ ಕಳ್ಸಿದ್ದೂ ನಾನೇ."

ಮಾತಿಗೆ ಬಲವಿರಲೆಂದು ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ಎಳ್ಳುದೀಪದ ರಸೀದಿ. ಆಚಾರಿಗೂ ಒಳ್ಳೆಯದಾಗಲೆಂದು ಚಿಕ್ಕಹನುಮಯ್ಯ ಅವನ ಹೆಸರಿನಲ್ಲೂ ಒಂದು ದೀಪ ಹಚ್ಚಿಸಿ, ಪ್ರಸಾದದ ಜೊತೆ ತಂದುಕೊಟ್ಟಿದ್ದ. ಅದರಲ್ಲಿ ತಾರೀಕೂ ಇತ್ತು, ವೇಳೆಯೂ ಇತ್ತು.

ರಾಧಾಮಣಿ ಎಲ್ಲವನ್ನೂ ಬರೆದುಕೊಂಡರು, ಓದಿ ಹೇಳಿದರು. ಆಚಾರಿ ರುಜು ಹಾಕಿದ. ಮೂರು ವಾರದಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು.

"ಇನ್ನು ಅವನನ್ನ ಬುಟ್ಬುಡಿ ಮೇಡಂ. ಅದೇನು ಶಿಕ್ಷೆ ಇದ್ರೂ ನಂಗೇ ಆಗ್ಲಿ" ಎಂದು ಕೈಮುಗಿದ.

ಅವರು ರಸೀದಿಯನ್ನು ಹೇಳಿಕೆಯ ಹಾಳೆಗೆ ಲಗತ್ತಿಸಿದರು. ಕಿಟಕಿಯಾಚೆ ಬೆಂಚಿನಲ್ಲಿ ಚಿಕ್ಕಹನುಮಯ್ಯ ತಲೆ ತಗ್ಗಿಸಿ ಕೂತಿದ್ದ.

"ಮರದ ಕೇಸು ಬೇರೆ, ಅದು ಹೋಗಿರೋದು ನೀವು ಹೇಳೋವರೆಗೂ ನಮಗೆ ಗೊತ್ತೇ ಇರಲಿಲ್ಲ. ಇವತ್ತಿನ ವಿಚಾರಣೆ ಬೆಂಕಿಯದು, ಆಚಾರ್ರೇ. ಅವತ್ತು ಬೆಂಕಿ ಬಿದ್ದಾಗ ವಾಚರ್ ಕಾವಲು ಬಿಟ್ಟು ಹೋಗಿದ್ದ ಅನ್ನೋದಕ್ಕೆ, ಈಗ ನೀವು ರುಜು ಹಾಕೋವರೆಗೂ ನಮ್ಮ ಹತ್ತಿರ ಒಂದೇ ಒಂದು ಸಾಕ್ಷಿ ಇರಲಿಲ್ಲ."