ಆರು ಜನರ ಒಂದೇ ಹೇಳಿಕೆ

ಶಾಕೀರ ಮೂರನೇ ಸಲವೂ ತಪ್ಪಿದಳು. ಸೈಟ್ ಮ್ಯಾನೇಜರ್ ಕ್ರಾಂತಿಕುಮಾರ್ ಮೇಜು ತಟ್ಟಿ, ಮೊದಲಿನಿಂದ ಹೇಳುವಂತೆ ಸನ್ನೆ ಮಾಡಿದ.

"ತರಬೇತಿ ಶುಲ್ಕವನ್ನು ನಾನೇ ಕಟ್ಟಿದೆ. ಹೋದ ವರ್ಷ ಜೂನ್ ಹದಿನೈದರಂದು, ಕೂಡ್ಲಿಗಿಯ ಬ್ಯಾಂಕ್ ಕೌಂಟರಿನಲ್ಲಿ, ನಗದಾಗಿ. ನಾನು ಸ್ವತಂತ್ರ ಗುತ್ತಿಗೆದಾರಳು."

"ಗುತ್ತಿಗೆದಾರ," ಎಂದು ತಿದ್ದಿದ ಕ್ರಾಂತಿಕುಮಾರ್. "ಎಲ್ಲರದೂ ಒಂದೇ ಮಾತು ಇರಬೇಕು."

ಅಷ್ಟೂ ಸುಳ್ಳು. ಕೂಡ್ಲಿಗಿ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರ ನಡೆಸುವ ಕಂಪನಿ ಆರು ಮಂದಿಯನ್ನು ಚೆನ್ನೈಗೆ ಕಳಿಸಿ, ಎತ್ತರದಲ್ಲಿ ಕೆಲಸ ಮಾಡುವ ತರಬೇತಿ ಕೊಡಿಸಿತ್ತು. ಶುಲ್ಕ, ರೈಲು, ಊಟ ಎಲ್ಲ ಕಂಪನಿಯದೇ. ಹಾಜರಿ ಹಿಡಿಯುವುದೂ ರಜೆ ಕೊಡುವುದೂ ಕಂಪನಿಯೇ. ಕಾಗದದ ಮೇಲೆ ಮಾತ್ರ ಆರೂ ಜನ ಗುತ್ತಿಗೆದಾರರು. ತಿಂಗಳ ಸಂಬಳಕ್ಕೆ ಬಿಲ್ಲು ಎಂಬ ಹೆಸರು, ತೆರಿಗೆ ಹಿಡಿಯುವುದೂ ಗುತ್ತಿಗೆಯ ಲೆಕ್ಕದಲ್ಲಿ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಡಿಸೆಂಬರಿನಲ್ಲಿ ಶಾಕೀರಳ ಎರಡು ಬೆರಳು ಜಜ್ಜಿಹೋದಾಗ, ಚಿಕಿತ್ಸೆ ಗುತ್ತಿಗೆದಾರರ ಹೊಣೆ ಎಂಬ ಉತ್ತರ ಬಂದಿತ್ತು. ಅದನ್ನು ತಲೆ ತಗ್ಗಿಸಿ ಓದಿ ಹೇಳಿದವನೂ ಕ್ರಾಂತಿಕುಮಾರನೇ.

ಈಗ ತೆರಿಗೆ ಅಧಿಕಾರಿ ತಪಾಸಣೆಗೆ ಬರುವವರಿದ್ದರು. ತರಬೇತಿಯ ಖರ್ಚು ಕಂಪನಿಯದೆಂದು ಗೊತ್ತಾದರೆ, ಇವರು ನೌಕರರೇ ಎನ್ನಲು ಅದೊಂದು ದೊಡ್ಡ ಆಧಾರ. ಕಂಪನಿಯ ವಕೀಲರು ಬೆಳಿಗ್ಗೆಯಿಂದ ಬಾಗಿಲ ಬಳಿಯೇ ಕುರ್ಚಿ ಹಾಕಿಕೊಂಡಿದ್ದರು. ಯಾರಾದರೂ ಬಾಯಿ ಬಿಟ್ಟರೆ ನಾಳೆಯಿಂದ ಕೆಲಸವಿಲ್ಲ ಎಂದು ಎರಡು ಸಲ ಹೇಳಿಯೂ ಆಗಿತ್ತು.

ಶಾಕೀರ ಕೂರಲಾರದೆ ಕಿಟಕಿಗೂ ಗೋಡೆಗೂ ಓಡಾಡಿದಳು. ಮೊಬೈಲ್ ತೆಗೆದು ಸುಮ್ಮನೆ ಆ ದಿನಾಂಕ ನೋಡಿದಳು. ವಕೀಲರು ಫೋನ್ ಬಂದು ಹೊರಗೆ ಹೋದದ್ದೇ, ಕ್ರಾಂತಿಕುಮಾರನ ಬಳಿ ಬಂದು ಪಿಸುಗುಟ್ಟಿದಳು.

"ಸರ್, ಅವತ್ತು ಭಾನುವಾರ ಐತ್ರಿ."

ಅವನ ಮುಖದ ಗೆರೆಯೊಂದೂ ಅಲುಗಲಿಲ್ಲ. "ತಿದ್ದಬ್ಯಾಡ. ನಾ ಹೇಳಿಕೊಟ್ಟಿದ್ದನ್ನ ಹಂಗ ಹೇಳು. ಮಂದಿಗೆ ಹೇಳಾಕೂ ಹೋಗಬ್ಯಾಡ."

ಸಿಕ್ಕಿಬೀಳುವವರು ತಾವು, ಪಾರಾಗುವವನು ಇವನು ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಸಹೋದ್ಯೋಗಿ ಅಮರೇಶನಿಗೂ ಅದೇ ಸಿಟ್ಟು. "ಅಂವಗೇನು, ಮ್ಯಾನೇಜರ್ ಅದಾನ. ಮುಳುಗೋರು ನಾವು," ಎಂದ.

ಹನ್ನೊಂದಕ್ಕೆ ಅಧಿಕಾರಿ ವಾಣಿಶ್ರೀ ಬಂದರು. ಮೊದಲು ಅಮರೇಶ್ ಹೇಳಿದ. ಎರಡನೆಯವನು ಅದನ್ನೇ ಹೇಳಿದ. ಮೂರನೆಯವನ ಹೊತ್ತಿಗೆ ಅವರು ಬರೆಯುವುದನ್ನು ನಿಲ್ಲಿಸಿ ಬರೀ ಕೇಳಿಸಿಕೊಂಡರು. ಕೊನೆಗೆ ಶಾಕೀರ ಬಾಯಿ ತೆರೆದಾಗ, ಉಳಿದ ವಾಕ್ಯವನ್ನು ಅವರೇ ಮುಗಿಸಿದರು. ಅವಳು ತನ್ನನ್ನು ಗುತ್ತಿಗೆದಾರ ಎಂದುಕೊಳ್ಳಬೇಕಾದಲ್ಲಿಗೆ ಬಂದು ಸಣ್ಣಗೆ ನಕ್ಕರು.

"ಭಾನುವಾರ ಯಾವ ಬ್ಯಾಂಕ್ ತೆಗೆದಿತ್ತಮ್ಮಾ?"

ವಾಣಿಶ್ರೀ ಪೆನ್ನು ಕೆಳಗಿಟ್ಟರು. ಇನ್ನೂ ಯಾರ ಸಹಿಯೂ ಆಗಿಲ್ಲ, ಬೇಕಿದ್ದವರು ಹೇಳಿಕೆ ಬದಲಿಸಬಹುದು ಎಂದರು. ವಕೀಲರು ಎದ್ದು ನಿಂತರು. ಶಾಕೀರ ಅವರತ್ತ ನೋಡಲಿಲ್ಲ.

"ನಾ ಕಟ್ಟಿಲ್ರಿ. ಕಂಪನಿನೇ ಕಟ್ಟೈತಿ."

ಒಬ್ಬೊಬ್ಬರಾಗಿ ಉಳಿದ ಐವರೂ ಹಾಗೆಯೇ ಬರೆಸಿದರು. ವಕೀಲರು ಕ್ರಾಂತಿಕುಮಾರನ ತೋಳು ಹಿಡಿದು, ದಿನಾಂಕ ನೋಡಿ ಹೇಳಿಕೊಡುವಷ್ಟೂ ಬುದ್ಧಿ ಇರಲಿಲ್ಲವೇ ಎಂದು ಹಲ್ಲು ಕಡಿದರು. ಅವನು ತೋಳು ಬಿಡಿಸಿಕೊಂಡು, ಕುರ್ಚಿ ಎಳೆದು ವಾಣಿಶ್ರೀಯವರ ಎದುರು ಕೂತ.

"ನನ್ನ ಹೇಳಿಕೀನೂ ಬರಕೊಳ್ರಿ ಮೇಡಂ. ಮ್ಯಾನೇಜರ್ ಅನ್ನೋದು ಬಾಗಿಲ ಮ್ಯಾಲಿನ ಬೋರ್ಡಷ್ಟ. ಒಂಬತ್ತು ವರ್ಷದಿಂದ ನಾನೂ ಗುತ್ತಿಗೆಯವನ ಅದೀನಿ. ಆ ಭಾನುವಾರಾನ ಕ್ಯಾಲೆಂಡರ್ ಮುಂದಿಟ್ಟುಕೊಂಡು ಹುಡುಕಿದಾಂವ ನಾನ."