ಡಬ್ಬಿಗೆ ಒಗ್ಗದ ಸೀತನಿ

ಮೊನ್ನೆ ನಮ್ಮ ಕಾಲೊನಿಯ ಮೈಂಡ್‌ಫುಲ್‌ನೆಸ್ ಕ್ಲಾಸಿನಲ್ಲಿ ಟೀಚರಮ್ಮ ನನ್ನ ಅಂಗೈ ಮೇಲೆ ಒಂದೇ ಒಂದು ಒಣದ್ರಾಕ್ಷಿ ಇಟ್ಟು, "ಸ್ಲೋ ಆಗಿ ತಿನ್ನಿ, ಆಂಟಿ" ಎಂದಾಗ ಮನಸ್ಸು ಸೇಡಂ ಹತ್ತಿರದ ನಮ್ಮ ಅಜ್ಜನ ಹೊಲಕ್ಕೆ ಓಡಿತು.

ನಾನಾಗ ಶಾಲೆಯ ಹುಡುಗಿ; ಅಂದು ನನ್ನ ಕ್ರಿಸ್‌ಮಸ್ ರಜೆಯ ಕೊನೆಯ ದಿನ. ಮರುದಿನ ವಾಡಿಯಲ್ಲಿ ರೈಲು ಹತ್ತಿ ಕಾನ್ವೆಂಟ್ ಹಾಸ್ಟೆಲಿಗೆ ಮರಳಬೇಕಿತ್ತು. ಅಜ್ಜನನ್ನು ನಾವು ಮುತ್ಯಾ ಎನ್ನುತ್ತಿದ್ದೆವು. ಮುತ್ಯಾ ಜೋಳದ ಎಳೆಯ ತೆನೆಗಳನ್ನು ಕುಳ್ಳಿನ, ಅಂದರೆ ಬೆರಣಿಯ, ಕೆಂಡದಲ್ಲಿ ಹುಗಿದು ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಹಸಿರು ಕಾಳನ್ನು ನನ್ನ ಕೈಗೆ ಸುರಿಯುತ್ತಿದ್ದ. ಅದೇ ಸೀತನಿ. ರೂಮ್‌ಮೇಟ್ಸ್‌ಗೆ ತಂದೇ ತರುತ್ತೇನೆಂದು ಪ್ರಾಮಿಸ್ ಮಾಡಿದ್ದ ನಾನು ಒಂದು ಕಾಳೂ ತಿನ್ನದೆ ಎಲ್ಲವನ್ನೂ ಬಿಸ್ಕೆಟ್ ಡಬ್ಬಿಗೆ ತುಂಬುತ್ತಿದ್ದೆ.

"ಯಾಕವ್ವಾ, ತಿನ್ನವಲ್ಲಿ?" ಎಂದ ಮುತ್ಯಾ.

"ಹಾಸ್ಟೆಲ್‌ನಾಗ ಎಲ್ಲರೂ ಕೂಡಿ ತಿಂತೀವಿ."

ಅವನು ಜೋರಾಗಿ ನಕ್ಕ. "ನಾಳಿಗಿ ಕಲ್ಲಾಗ್ತದ. ನಿನ್ನ ಸಿಸ್ಟರ್‌ಗೋಳ ಹಲ್ಲು ಉದುರ್ತಾವ ನೋಡು!"

ನಂಬದೆ ಡಬ್ಬಿ ತೆರೆದೆ. ಮೊದಲು ಹಾಕಿದ ಕಾಳು ಆಗಲೇ ತಣ್ಣಗಾಗಿ ಮುದುಡಿತ್ತು. ನನಗೆ ಅಳುವೇ ಬಂತು. ಪಕ್ಕದಲ್ಲೇ ಬುತ್ತಿ ಬಿಚ್ಚುತ್ತಿದ್ದ ಅಜ್ಜಿ ಡಬ್ಬಿ ಕಸಿದುಕೊಂಡು ಅದರ ಮುಚ್ಚಳದ ಮೇಲೆ ಶೇಂಗಾ ಚಟ್ನಿ ಹಾಕಿದಳು.

"ಇದು ಇಲ್ಲೇ, ಈಗೇ ತಿನ್ನೋದು. ಅಲ್ಲಿ ಹೋಗಿ ಹೆಂಗಿತ್ತಂತ ಹೇಳು, ಸಾಕು. ಮೊದ್ಲ ನಿನಗರ ಗೊತ್ತಾಗ್ಲಿ!"

ಆಗಷ್ಟೇ ಉಜ್ಜಿದ ಕಾಳನ್ನು ಬಾಯಿಗೆ ಹಾಕಿಕೊಂಡೆ. ನಾಲಿಗೆ ಚುರ್ರೆಂದಿತು. ಹಲ್ಲಿನಡಿ ಒಡೆದ ಕಾಳಿನಿಂದ ಸಿಹಿ ಹಾಲು ಜಿನುಗಿತು, ಅದರಲ್ಲಿ ಹೊಗೆಯ ಘಮ.

"ಹೆಂಗದ?" ಎಂದ ಮುತ್ಯಾ.

ಬಾಯಿ ತುಂಬಿತ್ತು. ಎರಡೂ ಕೈ ಮುಂದೆ ಚಾಚಿದೆ.