ಖರೇ ಎರೆಹುಳು

ಶಾಂಭವಿ ಪಾತಿಯ ಯಂತ್ರದ ಹುಳುಗಳಿಗೆ ಒಣ ಎಲೆ ಹಾಕಿ ಕೈ ತೊಳೆಯುತ್ತಿದ್ದಳು. ಅತ್ತೆ ಗೌರವ್ವ ತವರಿನಿಂದ ತಂದ ಕರಿಬೇವಿನ ಕುಂಡದ ಮುಂದೆ ಕುಳಿತಿದ್ದವರು ಒಮ್ಮೆಲೇ ಕೂಗಿದರು.

“ಏ ಶಾಂಭವಿ, ಲಗೂ ಬಾ! ಎರಿಹುಳ! ಖರೇದು!”

ಎರೆಹುಳುಗಳು ಅಳಿದು ಒಂದು ತಲೆಮಾರೇ ಕಳೆದಿತ್ತು; ಈಗ ಮಣ್ಣು ಹದ ಮಾಡಲು ಈ ತಗಡಿನ ಯಂತ್ರದ ಹುಳುಗಳೇ ಇದ್ದವು. ಅವಳು ನಂಬದೆಯೇ ಬಗ್ಗಿ ನೋಡಿದಳು. ಅದು ಮಿಸುಕುತ್ತಿತ್ತು.

“ಕುಂಡದಾಗ ಒಣಗಿ ಸಾಯ್ತೈತ್ರಿ ಅತ್ತಿ. ಪಾತಿಯೊಳಗ ತಂಪೈತಿ, ಅಲ್ಲಿ ಬಿಡೂಣು.”

“ನಿನ್ನ ತಗಡಿನ ಹುಳದ ಜೋಡಿ ಸಂಸಾರ ಮಾಡ್ತೈತೇನ? ಇಲ್ಲೇ ಇರ್ಲಿ ಬಿಡವಾ.”

ಮಧ್ಯಾಹ್ನ ಬಿಸಿಲು ಏರಿದಂತೆ ಅವಳಿಗೆ ತಡೆಯಲಾಗಲಿಲ್ಲ. ಅತ್ತೆ ಮಲಗಿದ್ದಾಗ ಹುಳುವನ್ನು ಅಂಗೈಯಲ್ಲಿ ಎತ್ತಿಕೊಂಡು ಹೋಗಿ ಪಾತಿಯ ಒದ್ದೆ ಮಣ್ಣಿನಲ್ಲಿ ಬಿಟ್ಟಳು. ಮೇಲೆ ಒಂದಿಷ್ಟು ನೀರನ್ನೂ ಚಿಮುಕಿಸಿದಳು.

ಯಂತ್ರದ ಹುಳುಗಳು ನಾಲ್ಕೂ ಕಡೆಯಿಂದ ಬಂದವು. ಎರೆಹುಳುವಿನ ಕೆಲಸವನ್ನೆಲ್ಲ ಅವಕ್ಕೆ ಕಲಿಸಿದ್ದರು, ಎರೆಹುಳುವಿನ ಗುರುತು ಕಲಿಸಿರಲಿಲ್ಲ. ಮೆತ್ತಗಿದ್ದದ್ದೆಲ್ಲ ಅವಕ್ಕೆ ಕೊಳೆತ ಎಲೆಯೇ. ಶಾಂಭವಿ ಎರಡೂ ಕೈಯಿಂದ ಮಣ್ಣು ಬಗೆದಳು. ಬೆರಳಿಗೆ ತಗಡಷ್ಟೇ ಸಿಕ್ಕಿತು.

ಅತ್ತೆ ಎದ್ದು ಬಂದು ಕುಂಡ ನೋಡಿದರು, ಅವಳ ಕೆಸರುಗೈ ನೋಡಿದರು.

ಪಾತಿಯ ಅಂಚಿನ ಪುಟ್ಟ ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು: ಸಾವಯವ ಅಂಶ ಹೆಚ್ಚಿದೆ. ಅಭಿನಂದನೆಗಳು.